ಪಾಂಡು ಭಾವನಿಗೆ ಊರು ತೋರಿಸಿದ ದಿನ

ಹುಬ್ಬಳ್ಳಿ ಬಸ್ಸಿನಿಂದ ಪಾಂಡು ಭಾವ ಇಳಿಯುವುದನ್ನು ನೋಡಿದ ಕೂಡಲೇ ನಾನು ಮನಸ್ಸಿನಲ್ಲೇ ಮಾಲನ್ನು ಅಳೆದೆ. ಉದ್ದ ಸಾಧಾರಣ, ಅಗಲ ಧಾರಾಳ, ನೇಯ್ಗೆ ಗಟ್ಟಿ. ಬಿಸಿಲಿಗೆ ಮಾಸುವ ಬಣ್ಣವಲ್ಲ. ಅರವತ್ತು ದಾಟಿದರೂ ಅಂಚು ಹರಿದಿಲ್ಲ. ಎಷ್ಟು ಎಳೆದರೂ ಹಿಗ್ಗುವುದಿಲ್ಲ, ಎಷ್ಟು ಸುರಿದರೂ ಒಳಗೆ ಒಂದು ಹನಿ ಇಳಿಯುವುದಿಲ್ಲ. ಕುಮಟಾ ಪೇಟೆಯಲ್ಲಿ ಮಳೆಗೆ ಹೊದೆಸುವ ತಾಡಪತ್ರಿ, ಹಗ್ಗ, ಛತ್ರಿ ಮಾರುತ್ತ ಅರ್ಧ ತಲೆ ಬೋಳಾದ ನನ್ನಂಥವನಿಗೆ ಇಂಥ ಮಾಲು ಕಂಡರೆ ಸಂತೋಷವಾಗಬೇಕು. ಆಗಲಿಲ್ಲ! ಯಾಕೆಂದರೆ ಆ ಮನುಷ್ಯನ ಮೇಲೆ ಸುರಿದದ್ದೆಲ್ಲ ಜಾರಿ ಕೆಳಗೆ ಹೋಗುತ್ತದೆ. ನನ್ನ ಮಾತೂ ಸೇರಿ.

ಪಾಂಡು ಭಾವ ಎಂದರೆ ನನ್ನ ಹೆಂಡತಿ ಶ್ರೀಮತಿಯ ದೊಡ್ಡಮ್ಮನ ಮಗಳ ಗಂಡ. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಜೀವಮಾನವಿಡೀ ಸಾಲದ ಅರ್ಜಿ ತಿರಸ್ಕರಿಸಿ ನಿವೃತ್ತರಾದವರು. ಲೋಕದ ಯಾವ ವಸ್ತುವಿನ ಬಗ್ಗೆಯೂ ಅವರ ಬಳಿ ಇರುವ ಅಭಿಪ್ರಾಯ ಒಂದೇ: "ಅಡ್ಡಿಯಿಲ್ಲ." ಮದುವೆ ಊಟ ಹೇಗಿತ್ತು? "ಅಡ್ಡಿಯಿಲ್ಲ." ಮಗಳಿಗೆ ಕೆಲಸ ಸಿಕ್ಕಿತಂತೆ? "ಅಡ್ಡಿಯಿಲ್ಲ." ಮೊದಲ ಮೊಮ್ಮಗನನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ವಾಪಸ್ ಕೊಡುವಾಗಲೂ ಅದನ್ನೇ ಹೇಳಿದರಂತೆ!

ಕಳೆದ ವರ್ಷ ನೆಂಟರ ಮದುವೆಯ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಈ ಮಹಾನುಭಾವರು ನನ್ನನ್ನು ಕೇಳಿದ್ದರು: "ನಿಮ್ಮ ಕಡೆ ನೋಡೂದರೆ ಏನದನೋ ಶ್ರೀಧರ? ಸಮುದ್ರ ಅದ. ಅದನ್ನ ಒಮ್ಮೆ ನೋಡಿದ್ರ ಮುಗೀತು."

ಅಂದಿನಿಂದ ನನ್ನ ಎದೆಯಲ್ಲಿ ಮುಳ್ಳು. ಈಗ ಆಸಾಮಿ ತಾನಾಗಿ ಬಂದು ನನ್ನ ಜಗಲಿಯಲ್ಲಿ ಕೂತಿದ್ದಾರೆ! ಬಿಟ್ಟೇನೆಯೆ?

"ಭಾವ," ಎಂದೆ ರಾತ್ರಿ ಊಟದ ಹೊತ್ತಿಗೆ, "ನಾಳೆ ಒಂದು ದಿನ ನನ್ನ ಕೈಗೆ ಕೊಡಿ. ಧಾರೇಶ್ವರ, ಅಪ್ಸರಕೊಂಡ, ಮುರ್ಡೇಶ್ವರ, ತೆಂಗಿನಗುಂಡಿ ಕಡಲು, ಭಟ್ಕಳದ ಹಳೇ ಬಸದಿ! ಜನ ವಿಮಾನ ಹತ್ತಿ ನೋಡಲೆ ಬತ್ತ. ಇಷ್ಟೂ ನೋಡಿದ ಮೇಲೆ ನಿಮ್ಮ ಬಾಯಿಂದ 'ಅಡ್ಡಿಯಿಲ್ಲ' ಬಂದರೆ ನಾನು ಅಂಗಡಿ ಬಾಗಿಲು ಹಾಕಿ ಹಪ್ಪಳ ಮಾರ್ತೆ!"

ಪಾಂಡು ಭಾವ ಮಜ್ಜಿಗೆಗೆ ಕೈ ಚಾಚಿದರು. "ನೋಡೂಣಂತ."

ಮಜ್ಜಿಗೆ ಬಡಿಸುತ್ತಿದ್ದ ಶ್ರೀಮತಿ ಸೌಟು ಅಲ್ಲಿಗೇ ನಿಲ್ಲಿಸಿದಳು. "ಕಾಂಡ್ಲಾ ದೋಣಿ?"

ಇಲ್ಲಿ ನಾನು ಸ್ವಲ್ಪ ವಿವರಿಸಬೇಕು. ಹೊನ್ನಾವರದ ಶರಾವತಿ ಹೊಳೆ ಸಮುದ್ರ ಸೇರುವಲ್ಲಿ ಉಪ್ಪುನೀರಿನೊಳಗೆ ಬೇರೂರಿ ನಿಂತ ಕಾಂಡ್ಲಾ ಗಿಡಗಳ ಕಾಡಿದೆ. ಅದರ ನಡುವೆ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುತ್ತಾರೆ. ಶ್ರೀಮತಿಯ ತವರು ಹೊಳೆಯ ಆಚೆ, ಮಂಕಿಯ ಕಡೆಗೆ. ತವರಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಬಸ್ಸಿನ ಕಿಟಕಿಯಿಂದ ಅವಳು ಆ ದೋಣಿಗಳನ್ನು ನೋಡುತ್ತಾಳೆ. ದೋಣಿ ಶುರುವಾದ ವರ್ಷವೇ "ಒಂದಿನ ಹೋಪನ" ಎಂದಿದ್ದಳು. "ಮಳೆಗಾಲ ಮುಗಿಯಲಿ" ಎಂದೆ. ಮುಗಿಯಿತು. "ಛತ್ರಿ ಸ್ಟಾಕು ಖಾಲಿಯಾಗಲಿ" ಎಂದೆ. ಅದೂ ಆಯಿತು. ಬೇಸಿಗೆಯಲ್ಲಿ "ಈಗ ತಾಡಪತ್ರಿ ಸೀಸನ್" ಎಂದೆ. ಹೀಗೆ ನಮ್ಮ ಕರಾವಳಿಯ ಋತುಗಳೆಲ್ಲ ಸೇರಿ ಅವಳಿಗೆ ಅಡ್ಡ ನಿಂತವು, ನನ್ನದೇನೂ ತಪ್ಪಿಲ್ಲ!

"ಅಯ್ಯೋ, ಕಾಂಡ್ಲಾ ಬಿಟ್ಟು ಹೋಪುಲೆ ಬತ್ತಾ? ಅದೇ ಕೊನೇ ಐಟಂ. ಗ್ರ್ಯಾಂಡ್ ಫಿನಾಲೆ!"

"ಕೊನೇ ದೋಣಿ ಐದೂವರೆಗೆ. ಆಮೇಲೆ ಬಿಡ್ತ್ವಿಲ್ಲೆ."

"ನಾಲ್ಕಕ್ಕೇ ಅಲ್ಲಿರ್ತು ನಾವು! ಆದರೆ ಒಂದು ಕಾನೂನು. ದಾರಿ ಮೇಲೆ ಯಾರ ಮನೆಗೂ ಹೋಪುದಿಲ್ಲೆ. ನೆಂಟರಿಲ್ಲೆ, ಇಷ್ಟರಿಲ್ಲೆ. ಇಳಿಯುವುದು, ನೋಡುವುದು, ಹತ್ತುವುದು!"

"ಗಿರಾಕಿ ಮನೆ?"

"ಛೇ! ಎಂತ ಮಾತು ಇದು?"

ಶ್ರೀಮತಿ ಮಜ್ಜಿಗೆ ಬಡಿಸಿ ಒಳಗೆ ಹೋದಳು. ಕಾರಿನ ಡಿಕ್ಕಿಯಲ್ಲಿ ತಾಡಪತ್ರಿಯ ನಾಲ್ಕು ಸ್ಯಾಂಪಲ್ ತುಂಡುಗಳು ಇರುವುದು ಅವಳಿಗೆ ಗೊತ್ತಿತ್ತೋ ಏನೋ. ಸುಮ್ಮನೆ ಇರಲಿ ಎಂದು ಇಟ್ಟದ್ದು. ಮೇ ತಿಂಗಳು ನೋಡಿ.

ಬೆಳಿಗ್ಗೆ ಧಾರೇಶ್ವರದ ದೇವಸ್ಥಾನ. ದಿಗ್ವಿಜಯದ ಮೊದಲ ಹೆಜ್ಜೆ! ಪಾಂಡು ಭಾವ ದೇವರಿಗೆ ಕೈ ಮುಗಿದು, ಕಂಬ ಕಲ್ಲುಗಳ ಕಡೆ ಕತ್ತೆತ್ತಿದ್ದರಷ್ಟೆ. ಹಿಂದಿನಿಂದ ಒಂದು ಕೈ ನನ್ನ ಅಂಗಿಯ ಕಾಲರು ಹಿಡಿಯಿತು.

"ಎಂತದಾ ತಮಾ! ಊರಿಗೆ ಬಂದು ಮನೆಗೆ ಬರದೇ ಹೋಗ್ತ್ಯ?"

ಗಣಪಿ ಅತ್ತೆ! ನನ್ನ ಅಪ್ಪನ ತಂಗಿ. ಹೂವಿನ ಬುಟ್ಟಿ ಹಿಡಿದು ಪ್ರದಕ್ಷಿಣೆ ಬರುತ್ತಿದ್ದವಳು ದೇವರನ್ನು ಅರ್ಧಕ್ಕೇ ಬಿಟ್ಟು ನನ್ನನ್ನು ಹಿಡಿದಿದ್ದಳು.

"ಅತ್ತೆ, ಗಡಿಬಿಡಿ ಇದ್ದು. ಭಾವನಿಗೆ ಊರು ತೋರಿಸಲೆ ಹೊರಟಿದ್ದು..."

"ತೋರ್ಸು. ಬ್ಯಾಡ ಹೇಳಿದವರು ಯಾರು? ಆಸರಿಗೆ ಕುಡ್ಕಂಡು ಹೋಗಿ."

ಆಸರಿಗೆ ಎಂದರೆ ನಮ್ಮಲ್ಲಿ ಮನೆಗೆ ಬಂದವರ ಬಾಯಾರಿಕೆಗೆ ಕೊಡುವ ಪಾನಕವೋ ಮಜ್ಜಿಗೆಯೋ. ಲೋಟವೊಂದು ಖಾಲಿಯಾಗಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಒಳಗಿನಿಂದ ಚುಂಯ್ ಎಂಬ ಸದ್ದು ಕೇಳಿತು. ಆ ಸದ್ದು ಕೇಳಿದ ಮೇಲೆ ಎದ್ದು ಹೋದವರು ನಮ್ಮ ವಂಶದಲ್ಲಿ ಇಲ್ಲ! ಕಾಗದದಷ್ಟು ತೆಳ್ಳಗಿನ ದೋಸೆ, ತೆಳ್ಳೇವು ಬಂತು, ಮೇಲೆ ಬೆಲ್ಲ ಬಂತು, ತುಪ್ಪ ಬಂತು, "ಇನ್ನೊಂದು, ಬಿಸಿ ಇದ್ದು" ಎಂಬ ಕೂಗು ಬಂತು. ಕೊನೆಗೆ ಗಣಪಿ ಅತ್ತೆಯೇ ಒಳ್ಳೇ ಸೀರೆ ಉಟ್ಟು ಬಂದಳು.

"ನಾನೂ ಬತ್ತೆ. ಮುರ್ಡೇಶ್ವರದ ದೊಡ್ಡ ಶಿವನ್ನ ನಾನು ಕ್ಯಾಲೆಂಡರಲ್ಲಿ ಬಿಟ್ರೆ ನೋಡಿದ್ದಿಲ್ಲೆ."

"ಎಂತ! ಇಷ್ಟು ಹತ್ತಿರ ಇದ್ದೂ?"

"ಹತ್ತಿರ ಇದ್ದಲಾ, ಯಾವಾಗ ಬೇಕಾದ್ರೂ ಆತು ಹೇಳಿ ಬಿಟ್ಟದ್ದು. ನೀ ಎಷ್ಟು ಸಲ ನೋಡಿದ್ದೆ?"

ನಾನು ಕಾರು ಸ್ಟಾರ್ಟ್ ಮಾಡಿದೆ. ಎಂಜಿನ್ ಸದ್ದಿನಲ್ಲಿ ಕೆಲವು ಪ್ರಶ್ನೆಗಳು ಕೇಳಿಸುವುದಿಲ್ಲ.

ಕಾರು ಹೆದ್ದಾರಿಗೆ ಏರುವ ಮೊದಲೇ ಅತ್ತೆ ಫೋನು ಕಿವಿಗೆ ಹಿಡಿದಿದ್ದಳು. "ನಾಗಪತಿಯಾ? ಶ್ರೀಧರ ಬತ್ತಾ ಇದ್ದ. ಹ್ಞಾಂ, ಐದು ನಿಮಿಷಕ್ಕೆ ಹೇಳಿ ಬಂದ್ರೂ ಊಟ ಮಾಡ್ಸದೇ ಬಿಡಡ!"

"ಅತ್ತೆ! ಎಂತಕ್ಕೆ ಫೋನ್ ಮಾಡಿದ್ದು?"

"ನನ್ನ ಮನೆಗೆ ಬಂದು ಅವನ ಮನೆಗೆ ಹೋಗದಿದ್ರೆ ಅವನ ಮುಖ ನಾನು ಹೆಂಗೆ ನೋಡವು?"

ನಿಮಗೆ ಗೊತ್ತಿರಬೇಕು, ನಮ್ಮ ಕರಾವಳಿಯಲ್ಲಿ ಒಬ್ಬರ ಮನೆಗೂ ಹೋಗದೆ ಇರಬಹುದು. ಅದಕ್ಕೆ ಕ್ಷಮೆ ಉಂಟು. ಆದರೆ ಒಬ್ಬರ ಮನೆಗೆ ಹೋದಿರೋ, ಮುಗಿಯಿತು! ಮಿಕ್ಕವರೆಲ್ಲರಿಗೂ ನಿಮ್ಮ ಮೇಲೆ ಹಕ್ಕು ಹುಟ್ಟುತ್ತದೆ. ನನ್ನ ಕಾನೂನು ಧಾರೇಶ್ವರದಲ್ಲೇ ತೆಳ್ಳೇವಿನ ಜೊತೆ ಕರಗಿತ್ತು.

ಶರಾವತಿ ಸೇತುವೆ ಬಂತು. ಶ್ರೀಮತಿ ಕಿಟಕಿಯ ಗಾಜು ಇಳಿಸಿದಳು. ಕೆಳಗೆ ಹಸಿರು ಕಾಂಡ್ಲಾ ಗುಂಪು, ನಡುವೆ ಒಂದು ದೋಣಿ. ಅವಳ ಕತ್ತು ದೋಣಿಯ ಜೊತೆಗೇ ತಿರುಗಿತು. "ಸಂಜೆಗೆ!" ಎಂದೆ ನಾನು, ರಾಜ ವರ ಕೊಡುವ ಧಾಟಿಯಲ್ಲಿ. ಅವಳು ಗಾಜು ಏರಿಸಿದಳು.

ನಾಗಪತಿ ನನ್ನ ಚಿಕ್ಕಪ್ಪನ ಮಗ. ಮನೆ ಅಪ್ಸರಕೊಂಡದ ದಾರಿಯಲ್ಲಿ. ಅಪ್ಸರೆಯರು ಮೀಯಲು ಬರುತ್ತಿದ್ದರೆಂಬ ಜಲಪಾತ, ಗುಹೆ, ಗುಡ್ಡದ ನೆತ್ತಿಯಿಂದ ಸಮುದ್ರ. ಎಲ್ಲ ಅಲ್ಲೇ ಕೂಗಳತೆಯಲ್ಲಿ! "ಊಟ ಮಾಡಿ ಹೋದ್ರೆ ಆತು" ಎಂದ ನಾಗಪತಿ. ಊಟವೋ! ಅಪ್ಪೆಹುಳಿ, ಹಲಸಿನಕಾಯಿ ಹುಳಿ, ಮಾವಿನಹಣ್ಣಿನ ಸೀಕರಣೆ, ಹಪ್ಪಳ, ಮತ್ತೆ ಹಪ್ಪಳ. ಎಲೆ ಎತ್ತುವಷ್ಟರಲ್ಲಿ ಪಾಂಡು ಭಾವನ ಕಣ್ಣು ಅರ್ಧ ಮುಚ್ಚಿತ್ತು. ನಾಗಪತಿ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೈ ತೋರಿಸಿದ.

"ಆ ಮರ ಕಾಣ್ತಲ್ದಾ? ಅದರ ಹಿಂದೆ ಜಲಪಾತ. ಕಿವಿಗೊಟ್ಟು ಕೇಳಿ."

ಭಾವ ಕಿವಿಗೊಟ್ಟರು. "ಏನೂ ಕೇಳ್ಸವಲ್ದು."

"ಈಗ ನೀರಿಲ್ಲೆ. ಮಳೆಗಾಲದಲ್ಲಾದ್ರೆ ಇಲ್ಲೇ ಮಲಗಿದ್ರೂ ಕೇಳ್ತು!"

"ಅಡ್ಡಿಯಿಲ್ಲ," ಎಂದು ಭಾವ ಹಾಸಿದ ಚಾಪೆಯ ಮೇಲೆ ಅಡ್ಡಾದರು. ನೋಡನೋಡುತ್ತ ಗೊರಕೆ ಶುರುವಾಯಿತು. ಅಪ್ಸರಕೊಂಡದ ಜಲಪಾತ ಆ ದಿನ ನಮಗೆ ಕೇಳಿಸಿದ್ದು ಹಾಗೆ.

ಅತಿಥಿ ಮಲಗಿದ ಮೇಲೆ ನಾನೇನು ಮಾಡಲಿ? ಸುಮ್ಮನೆ ಕಣ್ಣು ಮೇಲೆತ್ತಿದೆ. ನಾಗಪತಿಯ ಜಗಲಿಯ ಮುಂದಿನ ಇಳಿಜಾರು ಮಾಡಿಗೆ ಕಟ್ಟಿದ ತಾಡಪತ್ರಿ ಬಿಸಿಲಿಗೆ ಬಿರಿದು ಸಂಡಿಗೆಯ ಹಾಗಾಗಿತ್ತು. ವೈದ್ಯನೆದುರು ಯಾರಾದರೂ ಕೆಮ್ಮಿದರೆ ಅವನು ಸುಮ್ಮನಿರುತ್ತಾನೆಯೆ? ಡಿಕ್ಕಿ ತೆಗೆದೆ. ಸ್ಯಾಂಪಲ್ ತಂದೆ. ಎಳೆದು ತೋರಿಸಿದೆ, ನೀರು ಹೊಯ್ದು ತೋರಿಸಿದೆ, ಟೇಪು ಹಿಡಿದು ಮಾಡಿನ ಉದ್ದಗಲ ಅಳೆದೆ.

ಶ್ರೀಮತಿ ಬಾಗಿಲಲ್ಲಿ ನಿಂತಿದ್ದಳು. "ಗಿರಾಕಿ ಮನೆಗೆ ಹೋಪುದಿಲ್ಲೆ ಹೇಳಿ ಹೇಳಿದ್ದು ನಿಂಗಳೇ ಅಲ್ದಾ?"

"ಇದು ನೆಂಟರ ಮನೆ!"

"ನೆಂಟರ ಮನೆಗೂ ಹೋಪುದಿಲ್ಲೆ ಹೇಳಿದ್ದು."

ಎರಡೂ ಕಡೆಯಿಂದ ಬಲೆ ಬೀಸುವ ಇಂಥ ಹೆಂಗಸಿನ ಹತ್ತಿರ ವಾದ ಮಾಡುವುದು ಹೇಗೆ? ನಾನು ಟೇಪು ಸುತ್ತಿದೆ. ಭಾವನನ್ನು ಎಬ್ಬಿಸಿದೆ. ಹೊರಡುವಾಗ ನಾಗಪತಿ ಹೆಗಲ ಮೇಲೆ ಒಂದು ಹಲಸಿನಹಣ್ಣು ಹೊತ್ತು ತಂದ. ಹಣ್ಣೆಂದರೆ ಹಣ್ಣಲ್ಲ, ಕರು! ಡಿಕ್ಕಿಯಲ್ಲಿ ತಾಡಪತ್ರಿ, ಹಾಗಾಗಿ ಹಣ್ಣು ಮುಂದಿನ ಸೀಟಿನಲ್ಲಿ ಕೂತಿತು. ಅದರ ಪರಿಮಳ ಕಾರಿನ ಯಜಮಾನಿಕೆ ವಹಿಸಿಕೊಂಡಿತು. ಹಿಂದೆ ಶ್ರೀಮತಿ, ಗಣಪಿ ಅತ್ತೆ, ಪಾಂಡು ಭಾವ. ಆಮೇಲೆ "ಮುರ್ಡೇಶ್ವರಕ್ಕೆ ಹೋಗದೆ ಎಷ್ಟು ಕಾಲ ಆತು!" ಎನ್ನುತ್ತ ನಾಗಪತಿಯೂ ಅದೇ ಹಿಂದಿನ ಸೀಟಿಗೆ ನುಗ್ಗಿದ. ಯಾರಿಗೆ ಊರು ತೋರಿಸಲು ಹೊರಟೆನೋ ಆ ಅತಿಥಿಯ ಮೂಗು ಕಿಟಕಿಯ ಗಾಜಿಗೆ ಒತ್ತಿ ಚಪ್ಪಟೆಯಾಗಿತ್ತು.

"ಭಾವ, ಆರಾಮ ಇದ್ದಲ್ದಾ?"

"ಅಡ್ಡಿಯಿಲ್ಲ," ಎಂದಿತು ಗಾಜು.

ಮುರ್ಡೇಶ್ವರಕ್ಕೆ ತಲುಪಿದಾಗ ಮೂರೂವರೆ. ರಜೆಯ ಕಾಲ, ಕಾರು ನಿಲ್ಲಿಸಲು ಗೇಣು ಜಾಗವಿಲ್ಲ. ಎರಡು ಟೂರಿಸ್ಟ್ ಬಸ್ಸುಗಳ ಸಂದಿಯಲ್ಲಿ ದೊಡ್ಡ ಶಿವನ ಜಟೆ, ಹಣೆ, ಒಂದು ಕಿವಿ ಕಾಣುತ್ತಿತ್ತು. "ಭಾವ, ನೋಡಿ! ಕಂಡ್ತಾ? ಕಂಡ್ತಲಾ? ಆತು, ಹೋಪನ!" ಎಂದೆ. ಹಿಂದಿನ ಬಸ್ಸಿನವನು ಹಾರನ್ ಒತ್ತಿ ಹಿಡಿದಿದ್ದ. ಗೋಪುರದ ಲಿಫ್ಟಿಗೆ ನಿಂತ ಸಾಲು ಸಮುದ್ರದವರೆಗೆ ಇತ್ತು. ಗಣಪಿ ಅತ್ತೆ ಕಿಟಕಿಯಿಂದಲೇ ಕೈ ಮುಗಿದು, "ಕ್ಯಾಲೆಂಡರಲ್ಲಿ ಇದಕ್ಕಿಂತ ಚೊಲೋ ಕಾಣ್ತ" ಎಂದಳು.

ತೆಂಗಿನಗುಂಡಿ? ಅದರ ದಿಕ್ಕು ತೋರಿಸಿದೆ. ಭಟ್ಕಳದ ಬಸದಿ? ಅದರ ಹೆಸರು ಹೇಳಿದೆ. ಕೆತ್ತನೆಯ ಸೊಬಗನ್ನು ಬಾಯಲ್ಲೇ ವರ್ಣಿಸಿದೆ ಕೂಡಾ. ನಾನೇ ನೋಡಿರದ ಕಾರಣ ವರ್ಣನೆಗೆ ಯಾವ ಅಡಚಣೆಯೂ ಇರಲಿಲ್ಲ!

"ಈಗ ತಿರುಗಿಸದಿದ್ರೆ ದೋಣಿ ತಪ್ತು," ಎಂದಳು ಶ್ರೀಮತಿ. ಇಡೀ ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅಷ್ಟೇ. ತಿರುಗಿಸಿದೆ. ಓಡಿಸಿದೆ! ಹೆದ್ದಾರಿಯಲ್ಲಿ ನಾನು ಹಾರಿಸಿದ ಪರಿಗೆ ಹಲಸಿನಹಣ್ಣು ಎರಡು ಸಲ ಮುಂದಕ್ಕೆ ಬಾಗಿತು. ಕೊನೆಗೆ ಅದಕ್ಕೆ ಸೀಟ್‌ ಬೆಲ್ಟ್ ಹಾಕಿದೆವು.

ಐದು ಗಂಟೆಗೆ ಕಾಸರಕೋಡು. ಸೇತುವೆಗೆ ಈಚೆ, ಹೊಳೆಯ ದಂಡೆ. ಗೆದ್ದೆ! ದೋಣಿಕಟ್ಟೆ ಎದುರಿಗೇ ಇದೆ. ಕೊನೆಯ ದೋಣಿ ಇನ್ನೂ ಕಟ್ಟಿಕೊಂಡಿದೆ. ಶ್ರೀಮತಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. ದೋಣಿ ಹತ್ತುವಾಗ ಬರಿಗಾಲು ಬೇಕಾಗುತ್ತದಂತೆ, ಯಾರೋ ಹೇಳಿದ್ದರಂತೆ. ಕಾರು ನಿಲ್ಲಿಸಿ ಬಾಗಿಲು ತೆಗೆದೆ.

"ಓ ಶ್ರೀಧರಣ್ಣ!"

ರಸ್ತೆಯ ಆಚೆಯಿಂದ ಉದಯ ಓಡಿಬಂದ. ಹೊಳೆಯಂಚಿಗೆ ಸಾಲಾಗಿ ಕಾಟೇಜು ಕಟ್ಟಿಸಿ ಪ್ರವಾಸಿಗರಿಗೆ ಕೊಡುವವನು. ಮೂರು ವರ್ಷದಿಂದ ನಾನು ಹಿಂದೆ ಬಿದ್ದ ಮೀನು!

"ನಿಮ್ಮ ಕಾರು ಕಂಡೆ. ಮಳೆ ಬಂದೇ ಬಿಡ್ತು ಅಂತಾರೆ, ಕಾಟೇಜಿನ ಮುಂದೆ ಎಲ್ಲಾ ತಾಡಪತ್ರಿ ಕಟ್ಟಬೇಕು. ಬನ್ನಿ, ಅಳತೆ ನೋಡಿ. ಎರಡೇ ನಿಮಿಷ."

ಸಾಲು ಕಾಟೇಜುಗಳು! ನನ್ನ ಕಿವಿಯಲ್ಲಿ ಮಂಗಳವಾದ್ಯ ಮೊಳಗಿತು. ಶ್ರೀಮತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ದೋಣಿಯ ಕಡೆ ನೋಡುತ್ತಿದ್ದಳು.

"ಎರಡೇ ನಿಮಿಷ ಅಡ. ನಿಂಗ ಇಲ್ಲೇ ಇರಿ, ಬಂದೆ, ಬಂದೇಬಿಟ್ಟೆ!"

"ಹೋಗಿ," ಎಂದಳು. ಒಂದೇ ಮಾತು. ನಾನು ಅದನ್ನು ಅನುಮತಿ ಎಂದುಕೊಂಡೆ. ಅಂಥ ವ್ಯಾಪಾರಿ ನಾನು!

ಸರಿಯಾದ ಅಳತೆ ಇಲ್ಲದೆ ತಾಡಪತ್ರಿ ಕೊಡುವುದು ನನ್ನ ಧರ್ಮಕ್ಕೆ ವಿರುದ್ಧ. ಇಳಿಜಾರು ನೋಡಬೇಕು, ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ನೋಡಬೇಕು, ಹಗ್ಗ ಕಟ್ಟಲು ಗೂಟ ಎಲ್ಲಿ ಎಂದು ನೋಡಬೇಕು. ಉದಯ ಏಣಿ ಹಿಡಿದ, ನಾನು ಹತ್ತಿದೆ. ಮೊದಲ ಕಾಟೇಜು ಮುಗಿಯಿತು, ಎರಡನೆಯದು, ಮೂರನೆಯದು. ಕೊನೆಯ ಕಾಟೇಜು ಹೊಳೆಯ ನೆತ್ತಿಗೇ ಇತ್ತು. ಏಣಿಯ ತುದಿಯಲ್ಲಿ ನಿಂತು, ಟೇಪಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಲೆ ಎತ್ತಿದೆ.

ಕೆಳಗೆ ಕಾಂಡ್ಲಾ ಗಿಡಗಳ ನಡುವಿನಿಂದ ಒಂದು ದೋಣಿ ಮೆಲ್ಲಗೆ ಹೊರಬಂತು. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದು, ಗಿಡಗಳ ಬೇರುಗಳೆಲ್ಲ ತಾಮ್ರದ ತಂತಿಯ ಹಾಗೆ ಹೊಳೆಯುತ್ತಿದ್ದವು. ಬೆಳ್ಳಕ್ಕಿಗಳು ಎದ್ದವು. ನಿಜ ಹೇಳುತ್ತೇನೆ, ಹುಟ್ಟಿದಂದಿನಿಂದ ಇದೇ ಸೀಮೆಯಲ್ಲಿದ್ದೂ ಇಂಥದ್ದನ್ನು ನಾನು ನೋಡಿರಲಿಲ್ಲ! ದೋಣಿಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಪ್ರವಾಸಿಗರು. ಪುಣ್ಯವಂತರು, ಎಲ್ಲಿಂದ ಬಂದವರೋ ಎಂದುಕೊಂಡೆ. ನಡುವೆ ಕೂತ ಮುದುಕಿ ಥೇಟ್ ಗಣಪಿ ಅತ್ತೆಯ ಹಾಗಿದ್ದಳು. ಪಕ್ಕದವನು ನಾಗಪತಿಯ ಹಾಗೆ. ದೋಣಿಯ ಮೂತಿಯಲ್ಲಿ ಕೂತ ದಪ್ಪನೆಯ ಮನುಷ್ಯ...

ಬಾಯಿಂದ ಟೇಪು ಬಿತ್ತು. "ಏ! ಏಏಏ! ನಿಲ್ಲಿ! ನಾನಿದ್ದೆ, ನಾನಿದ್ದೆ!"

ಅಂಚಿನಲ್ಲಿ ಕೂತಿದ್ದ ಶ್ರೀಮತಿ ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟಿದ್ದಳು. ನಗುತ್ತಿದ್ದಳು. ಅವಳು ಹಾಗೆ ನಗುವುದು ನನಗೆ ಮರೆತೇ ಹೋಗಿತ್ತು. ನನ್ನ ಕೂಗಿಗೆ ತಲೆ ಎತ್ತಿ, ಏಣಿಯ ಮೇಲಿನ ನನ್ನನ್ನು ನೋಡಿ, ಪ್ರವಾಸಿಗರು ದಂಡೆಯ ಮೇಲಿನ ಜನರಿಗೆ ಕೈ ಬೀಸುತ್ತಾರಲ್ಲ, ಹಾಗೆ ಒಮ್ಮೆ ಕೈ ಬೀಸಿದಳು. ದೋಣಿ ಗಿಡಗಳ ಹಿಂದೆ ತಿರುಗಿತು.

"ಶ್ರೀಧರಣ್ಣ, ಅಳತೆ ಎಲ್ಲಾ ಆತಾ?" ಎಂದ ಕೆಳಗಿನಿಂದ ಉದಯ.

"ಆತು," ಎಂದೆ, ಏಣಿ ಇಳಿದು. "ಮಾಲು ಯಾವಾಗ ಕಳಿಸಲಿ?"

"ಇಲ್ಲ, ಅಳತೆ ಸಿಕ್ತಲ್ಲ, ಸಾಕು. ನನ್ನ ಹೆಂಡತಿ ತಮ್ಮ ಈ ವರ್ಷ ತಾಡಪತ್ರಿ ಅಂಗಡಿ ಹಾಕಿದಾನೆ. ಅವನಿಗೆ ಅಳತೆ ತೆಗೀಲಿಕ್ಕೆ ಬರೂದಿಲ್ಲ. ನಿಮ್ಮಷ್ಟು ಚೊಲೋ ಮಾಡಿ ಯಾರು ತೆಗೀತ್ರು ಹೇಳಿ!"

ದೋಣಿಕಟ್ಟೆಗೆ ಓಡಿದೆ. ಅಲ್ಲಿ ಟಿಕೆಟ್ ಕೊಡುವವನು ಕಿಟಕಿ ಮುಚ್ಚುತ್ತಿದ್ದ. ಕಾರಿನಲ್ಲಿ ಹಲಸಿನಹಣ್ಣು ಬೆಲ್ಟ್ ಹಾಕಿಕೊಂಡು ಮರ್ಯಾದಸ್ಥನಂತೆ ಕೂತಿತ್ತು. ನಾನೂ ಅದರ ಪಕ್ಕ ಹೋಗಿ ಕೂತೆ.

ಕತ್ತಲಾಗುವ ಹೊತ್ತಿಗೆ ದೋಣಿ ದಂಡೆಗೆ ಬಂತು. ಮೊದಲು ಇಳಿದವಳು ಗಣಪಿ ಅತ್ತೆ. "ತಮಾ, ನೀ ಎಂತಕ್ಕೆ ಬಂಜಿಲ್ಲೆ? ಏಡಿ ಮರ ಹತ್ತುದು ನೋಡಿದ್ಯಾ? ಇವು ಕರಕಂಡು ಹೋಗದಿದ್ರೆ ನಾನು ಸಾಯೂವರೆಗೂ ನೋಡ್ತಿದ್ನಿಲ್ಲೆ!" ಎಂದು ಪಾಂಡು ಭಾವನ ಕಡೆ ಕೈ ತೋರಿಸಿದಳು.

"ನಿಂಗಳಾ ಭಾವ?"

"ಶ್ರೀಮತಿ ಚಪ್ಪಲಿ ಕೈಯಾಗ ಹಿಡಕೊಂಡು ಕೂತಿದ್ಲಪಾ," ಎಂದರು ಭಾವ, ಲೈಫ್ ಜಾಕೆಟ್ಟಿನ ಗಂಟು ಬಿಚ್ಚುತ್ತ. "ದೋಣಿಯವ ಕರದ. ಆಕಿ, ಅವರು ಬರಲಿ ಅಂದ್ಲು. ಅವ ಇನ್ನೊಮ್ಮೆ ಕರದ. ನಾ ಬ್ಯಾಂಕಿನಾಗ ಇದ್ದಾವ, ಎರಡು ನಿಮಿಷ ಅಂದ್ರ ಎಷ್ಟಂತ ಗೊತ್ತದ. ನಡೀವಾ ಅಂತ ಎಬ್ಬಿಸಿದೆ."

ಸೋತರೂ ವ್ಯಾಪಾರಿ ವ್ಯಾಪಾರಿಯೇ. ಪಂಥ ನೆನಪಾಯಿತು. "ಹೋಗಲಿ. ಹೇಗಿತ್ತು ಹೇಳಿ!"

ಪಾಂಡು ಭಾವ ಹೊಳೆಯ ಕಡೆ ಒಮ್ಮೆ ತಿರುಗಿ ನೋಡಿದರು. "ಶ್ರೀಧರ, ನಾ ಸೋತೆ. ಹಿಂತಾದ್ದು ನಾ ಎಲ್ಲೂ ನೋಡಿಲ್ಲ. ನಿಮ್ಮೂರು ಭಾಳ ಛಲೋ ಅದ." ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಸೇರಿಸಿದರು, "ನೀನೂ ಒಮ್ಮೆ ನೋಡು."

ಗೆದ್ದವನು ನಾನು! ಆದರೆ ಗೆದ್ದವನ ಮುಖ ಹೀಗಿರುತ್ತದೆಂದು ಗೊತ್ತಿದ್ದರೆ ಯಾರೂ ಪಂಥ ಕಟ್ಟುತ್ತಿರಲಿಲ್ಲ. ಶ್ರೀಮತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಕಾರಿನತ್ತ ನಡೆಯುತ್ತಿದ್ದಳು. ಹಿಂದೆ ಹಿಂದೆ ಹೋಗಿ ಕೇಳಿದೆ:

"ಹೇಗಿತ್ತೇ?"

ಅವಳು ಬಾಗಿಲು ತೆಗೆದು ಕೂತು, ಚಪ್ಪಲಿ ಮೆಟ್ಟಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದಳು.

"ಅಡ್ಡಿಲ್ಲೆ."

ಮರುದಿನ ಪಾಂಡು ಭಾವ ಹುಬ್ಬಳ್ಳಿ ಬಸ್ಸು ಹತ್ತಿದರು. ಏರುವುದನ್ನು ನೋಡಿ ಮತ್ತೊಮ್ಮೆ ಅಳೆದೆ. ಮೊದಲ ಅಳತೆ ತಪ್ಪಿತ್ತು. ಒಳಗೆ ಇಳಿಯುವುದು ಇಳಿಯುತ್ತದೆ. ನಾವು ಸುರಿದದ್ದಲ್ಲ, ಅಷ್ಟೆ.

ನನ್ನ ಹೆಂಡತಿಗೆ ನಾನು ತೋರಿಸಬೇಕಾಗಿದ್ದ ಹೊಳೆಯನ್ನು ಪಾಂಡು ಭಾವ ತೋರಿಸಿದರು. ಆ ಋಣ ನನ್ನ ಮೇಲಿದೆ.